ನೀಲಗಂಗಾ ನನ್ನ ತಲೆಯ ಮೇಲೆ ಕೈಯಿಟ್ಟಾಗ

ನಾನು ಒಂದು ಕಂಪ್ಯೂಟರ್. ಕಂಪ್ಯೂಟರ್ ಎಂದೊಡನೆ ನೀವು ಮಿನುಗುವ ಪರದೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳುತ್ತೀರಿ. ಅದನ್ನು ಸ್ವಲ್ಪ ಬದಿಗಿಡಿ. ನನಗೆ ಪರದೆಯಿಲ್ಲ. ನಾನೆಂದರೆ ತಗಡಿನ ಒಂದು ಡಬ್ಬಿ, ಅದರ ಮುಂದೊಂದು ಕೀಬೋರ್ಡು, ಪಕ್ಕದಲ್ಲಿ ಎರಡು ಪುಟ್ಟ ಸ್ಪೀಕರು. ನನ್ನ ಬಾಳಿನ ಒಳ್ಳೆಯ ಕಾಲವೆಲ್ಲ ಹೀಗೆಯೇ ಕಳೆಯಿತು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಮೇಜಿನ ಮೇಲೆ. ದೊಡ್ಡ ಕಂಪನಿಯ ಕೂಸಲ್ಲ ನಾನು. ಬೋರ್ಡು ಒಂದು ಕಡೆಯದು, ಹಾರ್ಡ್ ಡಿಸ್ಕು ಇನ್ನೊಂದು ಕಡೆಯದು, ಫ್ಯಾನು ಎಲ್ಲಿಯದೋ. ಎಲ್ಲವನ್ನೂ ಸ್ಕ್ರೂ ಹಾಕಿ ಬಿಗಿದು ಗುಂಡಿ ಒತ್ತಿದಾಗ ನನ್ನ ಹೊಟ್ಟೆಯೊಳಗಿನ ಬಟಾಣಿ ಗಾತ್ರದ ಒಂದು ಪೀಪಿ ‘ಟೀ’ ಎಂದಿತು. ‘ಹ್ಞಾಂ, ಜೀವ ಬಂತು’ ಅಂದ ಜೋಡಿಸಿದವನು. ಆ ಪೀಪಿಯನ್ನು ಮರೆಯಬೇಡಿ. ಸ್ಪೀಕರಿನ ಹಂಗಿಲ್ಲದೆ ನಾನು ಮಾಡಬಲ್ಲ ಸದ್ದುಗಳು ಎರಡೇ: ಈ ಪೀಪಿಯದು ಒಂದು, ಹಾರ್ಡ್ ಡಿಸ್ಕಿನ ಮುಳ್ಳು ಓಡಾಡುವಾಗಿನ ‘ಕರ್ರ್’ ಇನ್ನೊಂದು.

ನನ್ನನ್ನು ಮೊದಲು ಕೊಂಡವರು ಗದಗಿನ ಪೀರಸಾಬರು. ಫೋಟೋ ಸ್ಟುಡಿಯೋ ಇಟ್ಟಿದ್ದರು. ಅಲ್ಲಿ ನನಗೆ ದೊಡ್ಡ ಪರದೆಯಿತ್ತು, ದಿನವಿಡೀ ಮುಖಗಳೇ ಮುಖಗಳು. ಮದುಮಗಳ ಬಣ್ಣ ತಿಳಿ ಮಾಡುವುದು, ಮುಚ್ಚಿದ ಕಣ್ಣಿಗೆ ಬೇರೆ ಫೋಟೋದಿಂದ ತೆರೆದ ಕಣ್ಣು ತಂದು ಅಂಟಿಸುವುದು. ‘ಕಣ್ಣೊಂದು ಚಂದ ಇದ್ರ ಸಾಕ್ ನೋಡ್ರಿ, ಉಳಿದದ್ದು ತಾನಾ ಚಂದ ಕಾಣತೈತಿ’ ಎಂದು ಪೀರಸಾಬರು ಗಿರಾಕಿಗಳಿಗೆ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಹೊಸ ಯಂತ್ರ ಬಂದ ಮೇಲೆ ಪರದೆಯನ್ನು ಅವರೇ ಇಟ್ಟುಕೊಂಡು ನನ್ನನ್ನು ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿಗೆ ಕೊಟ್ಟರು. ನಾನು ಹಾಳಾದದ್ದು ಅಲ್ಲೇ. ಬಂದವರೆಲ್ಲ ಏನಾದರೊಂದನ್ನು ನನ್ನೊಳಗೆ ಇಳಿಸಿ ಹೋದರು. ಆಟಗಳು, ಹಾಡಿನ ಡಬ್ಬಿಗಳು, ಯಾರೂ ಕರೆಯದಿದ್ದರೂ ಎದ್ದು ಕೂರುವ ತಂತ್ರಾಂಶಗಳು. ಬೆಳಿಗ್ಗೆ ಗುಂಡಿ ಒತ್ತಿದರೆ ಅವೆಲ್ಲ ಒಟ್ಟಿಗೆ ಎದ್ದು, ನಲ್ಲಿ ನೀರಿಗೆ ಕೊಡ ಹಿಡಿದು ನುಗ್ಗುವವರ ಹಾಗೆ ನನ್ನ ಇದ್ದಷ್ಟೇ ಮೆಮೊರಿಗೆ ನುಗ್ಗುತ್ತಿದ್ದವು. ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಿ ಓಡಿ ‘ಕರ್ರ್ ಕರ್ರ್’ ಎನ್ನುವುದು ನಿಲ್ಲುತ್ತಲೇ ಇರಲಿಲ್ಲ. ಸೆಂಟರು ಮುಚ್ಚಿದಾಗ, ಅಲ್ಲಿಗೆ ಕೇಬಲ್ ವೈರು ಎಳೆದುಕೊಟ್ಟಿದ್ದ ಕಲ್ಮೇಶ ಎಂಬ ಹುಡುಗಾಟದ ತರುಣ ನನ್ನನ್ನು ಕೇಳಿ ಪಡೆದು ಮನೆಗೆ ಹೊತ್ತೊಯ್ದ.

‘ಅಕ್ಕಾ, ನೋಡಿಲ್ಲೆ, ಏನ್ ತಂದೀನಿ!’

‘ಏನ್ ತಂದೀ? ನಾ ಹೆಂಗ ನೋಡ್ಲಿ, ಮುಟ್ಟಿಸು.’

ಎರಡು ಕೈಗಳು ನನ್ನ ತಲೆಯ ಮೇಲೆ ಬಂದವು. ಬೆರಳುಗಳು ಅಂಚು ಹಿಡಿದು ಇಳಿದವು, ಗುಂಡಿ ಕಂಡುಕೊಂಡವು, ಹಿಂದಿನ ತೂತುಗಳನ್ನು ಒಂದೊಂದಾಗಿ ಸವರಿದವು. ‘ಕಂಪ್ಯೂಟರ್ ಅಲ್ಲೇನಲೇ ಇದು!’ ಎಂದು ಆಕೆ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಆಕೆಯೇ ನೀಲಗಂಗಾ. ಹುಟ್ಟಿನಿಂದಲೇ ಕಣ್ಣಿಲ್ಲ. ಹುಬ್ಬಳ್ಳಿಯ ಅಂಧರ ಶಾಲೆಯಲ್ಲಿ ಕಲಿತವಳು, ಟೈಪಿಂಗಿನಲ್ಲಿ ಅಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಅಲ್ಲಿಯ ಗೆಳತಿಯೊಬ್ಬಳಿಂದ ಒಂದು ಸಿ.ಡಿ. ತರಿಸಿ ನನ್ನೊಳಗೆ ಹಾಕಿಸಿದಳು. ಅದು ಪರದೆಯ ಮೇಲಿರುವುದನ್ನೆಲ್ಲ ಬಾಯಿಬಿಟ್ಟು ಓದುವ ತಂತ್ರಾಂಶ. ಅಂದಿನಿಂದ ನನಗೆ ಪರದೆ ಬೇಕಾಗಲಿಲ್ಲ, ದನಿ ಬಂತು. ದನಿಯೋ, ಮೂಗು ಕಟ್ಟಿದವನು ತಗಡಿನ ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗೆ. ‘ನಮ್ಮ ಜ್ವರ ಬಂದ ಗಂಡಸು’ ಎಂದು ನೀಲಗಂಗಾ ಅದಕ್ಕೆ ಹೆಸರಿಟ್ಟಿದ್ದಳು. ಅವಳು ಒಂದು ಅಕ್ಷರ ಒತ್ತಿದರೆ ನಾನು ಆ ಅಕ್ಷರ ಹೇಳಬೇಕು, ತಪ್ಪಾದರೆ ಅವಳು ಅಳಿಸಬೇಕು. ಬೀದಿಯವರ ಅರ್ಜಿ, ಶಾಲೆಯ ಪ್ರಬಂಧ, ಹಳ್ಳಿಯಿಂದ ಬಂದವರ ತಕರಾರು ಎಲ್ಲವನ್ನೂ ಅವಳು ಟೈಪ್ ಮಾಡಿಕೊಟ್ಟಳು. ಬರೆಯಲು ಶುರು ಮಾಡುವ ಮೊದಲೇ ಖಾಲಿ ಹಾಳೆಗೆ ಹೆಸರಿಟ್ಟು ಸೇವ್ ಮಾಡಿಬಿಡುವುದು ಅವಳ ಅಭ್ಯಾಸ. ‘ಹೆಸರಿಟ್ಟ ಮ್ಯಾಲೆ ಕೂಸು ಕಳಿಯೂದಿಲ್ಲ’ ಅನ್ನುವಳು.

ಆದರೆ ನಾನು ಬಲು ನಿಧಾನ. ಗುಂಡಿ ಒತ್ತಿ, ಚಹಾಕ್ಕಿಟ್ಟು, ಕುಡಿದು, ಕಪ್ಪು-ಬಸಿ ತೊಳೆದು ಬಂದರೂ ನಾನು ಇನ್ನೂ ಏಳುತ್ತಲೇ ಇರುತ್ತಿದ್ದೆ. ಅವಳು ಬೇಗ ಒತ್ತಿದ ಕೀಲಿಗಳನ್ನು ನುಂಗಿಬಿಡುತ್ತಿದ್ದೆ. ನೀಲಗಂಗಾ ಬೈಯಲಿಲ್ಲ, ನನ್ನ ವೇಗಕ್ಕೆ ತನ್ನ ಬೆರಳುಗಳನ್ನು ತಗ್ಗಿಸಿಕೊಂಡಳು. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟುತ್ತಿತ್ತು.

ಹೀಗಿರುವಾಗ ಊರಿನ ಒಂದು ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಖಾಲಿಯಾಯಿತು. ಇಂಥ ಕೆಲಸಗಳಿಗೆ ನೀಲಗಂಗಾ ಹಿಂದೆಯೂ ಹೋಗಿದ್ದಳು. ‘ನಿಮಗ ಹೆಂಗ ಆಗತೈತ್ರಿ’ ಎಂದು ಎಲ್ಲರೂ ಬಾಗಿಲಲ್ಲೇ ಮರುಕಪಟ್ಟು ಕಳಿಸಿದ್ದರು. ಈ ಕಾಲೇಜಿನವರು ಮಾತ್ರ, ‘ಮಾತಾಡೋ ಕಂಪ್ಯೂಟರ್ ನಮ್ಮಲ್ಲಿಲ್ಲ. ನಿಮ್ಮದನ್ನ ಹೊತ್ತು ತಂದ್ರ ಪರೀಕ್ಷೆ ತಗೋತೀವಿ’ ಅಂದರು. ವಯಸ್ಸಿನ ಮಿತಿಗೆ ಅವಳಿಗೆ ಅದೇ ಕಡೆಯ ವರ್ಷ. ಇದು ತಪ್ಪಿದರೆ ಇನ್ನು ಯಾವ ಬಾಗಿಲೂ ಇರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಕಲ್ಮೇಶ ಪೀರಸಾಬರ ಸ್ಟುಡಿಯೋದಿಂದ ಒಂದು ಪರದೆ ಕೇಳಿ ತಂದ. ನೋಡಿದರೆ ನನ್ನದೇ ಹಳೆಯ ಪರದೆ! ವರ್ಷಗಳ ಮೇಲೆ ನನಗೆ ಮತ್ತೆ ಮುಖ ಬಂತು.

‘ಅಕ್ಕಾ, ಇದು ಏಳೂದ್ರಾಗ ಅವರು ಊಟಕ್ಕ ಹೋಗಿ ಬರ್ತಾರ. ಕಂಪ್ಯೂಟರ್ ನಿಧಾನ ಅನ್ನೂದಿಲ್ಲ ಅವರು, ಇಕಿನ ನಿಧಾನ ಅಂತಾರ. ಇವತ್ತ ಇದರ ಸೊಕ್ಕು ಮುರೀತೀನಿ.’

‘ಮುರಿಯೂದು ಬ್ಯಾಡೋ ತಮ್ಮಾ. ನಾಳೆ ಒಂದ್ ದಿನ ಹೆಂಗರೆ ನಡೀಲಿ.’

‘ನಾ ಅದೀನಿ, ನೀ ಸುಮ್ನಿರು. ಕೇಬಲ್ ಆಫೀಸಿನ್ಯಾಗ ಇಂಥಾವು ಎಷ್ಟ್ ಮಾಡೀನಿ.’

ನೀಲಗಂಗಾ ಒಳಗೆ ಸೀರೆ ಇಸ್ತ್ರಿ ಮಾಡಲು ಹೋದಳು. ಮರುದಿನ ಪರೀಕ್ಷೆಗೆ ಒಯ್ಯಬೇಕೆಂದು ಕಲ್ಮೇಶ ಸ್ಪೀಕರುಗಳನ್ನು ಆಗಲೇ ಬಿಚ್ಚಿ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಬಿಟ್ಟಿದ್ದ. ಮುಂದಿನದಕ್ಕೆಲ್ಲ ಮೂಲ ಇದೇ.

ಮೊದಲು ಸೆಟ್ಟಿಂಗಿಗೆ ಹೋಗಿ ನನ್ನ ಅಲಂಕಾರ ತೆಗೆದ. ಕಿಟಕಿಗಳ ನೆರಳು, ಜಾರಿ ಬರುವ ಪಟ್ಟಿಗಳು, ಹಿಂಬದಿಯ ಜಲಪಾತದ ಚಿತ್ರ. ನಗು ಬಂತು ನನಗೆ. ನೋಡುವವರೇ ಇಲ್ಲದ ಮನೆಯಲ್ಲಿ ಇಷ್ಟು ವರ್ಷ ಸಿಂಗಾರ ಮಾಡಿಕೊಂಡು ಕೂತಿದ್ದೆನಲ್ಲ! ಆಮೇಲೆ ಕಸ ಬಳಿದ. ಸೆಂಟರಿನ ಕಾಲದ ಆಟಗಳನ್ನು ಕಿತ್ತು ಹಾಕಿದ. ಹಗುರಾಗುತ್ತಾ ಬಂದೆ. ಅವನು ನಿಜಕ್ಕೂ ಅಕ್ಕನ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದ, ಅವನ ಮುಖ ನನ್ನ ಪರದೆಯ ಬೆಳಕಿನಲ್ಲಿ ಕಾಣುತ್ತಿತ್ತು.

ಕೊನೆಗೆ ನಾನು ಏಳುವಾಗ ಜೊತೆಗೆ ಏಳುವವರ ಪಟ್ಟಿ ತೆರೆದ. ಉದ್ದದ ಪಟ್ಟಿ, ಎಲ್ಲ ಇಂಗ್ಲಿಷ್ ಹೆಸರುಗಳು. ಅಷ್ಟರಲ್ಲಿ ಅವನ ಜೇಬಿನ ಮೊಬೈಲು ಹೊಡೆದುಕೊಂಡಿತು. ಪೀರಸಾಬರ ದನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು.

‘ಏ ಕಲ್ಮೇಶಾ, ಎಲ್ಲಿ ಐತಪಾ ನನ್ನ ಮಾನಿಟರ್ರು? ಮದುವಿ ಆಲ್ಬಮ್ಮಿನವರು ಬಂದು ಕುಂತಾರ! ಮದುಮಗನ ಮುಖ ನನ್ನ ಅಂಗೈ ಮ್ಯಾಲೆ ತೋರಿಸ್ಲಿ ಏನು?’

‘ಬಂದೆ ಚಾಚಾ, ಬಂದೇಬಿಟ್ಟೆ!’

ಕನ್ನಡ ಎಂಬ ಹೆಸರಿದ್ದ ಒಂದನ್ನು ಮಾತ್ರ ಗುರುತಿಸಿ ಉಳಿಸಿದ, ಅದು ಕನ್ನಡ ಕೀಲಿಗಳ ತಂತ್ರಾಂಶ. ಪಟ್ಟಿಯ ಕೆಳಗೆ ‘ಎಲ್ಲವನ್ನೂ ನಿಲ್ಲಿಸು’ ಎಂಬ ಗುಂಡಿಯಿತ್ತು. ಉಳಿದವುಗಳನ್ನು ಅದರಿಂದಲೇ ನಿಲ್ಲಿಸಿದ. ಆ ಉಳಿದವುಗಳಲ್ಲಿ ಜ್ವರ ಬಂದ ಗಂಡಸೂ ಇದ್ದ. ನನ್ನೊಳಗಿನ ಸದ್ದನ್ನೆಲ್ಲ ಸ್ಪೀಕರಿಗೆ ದಾಟಿಸುವವನೂ ಇದ್ದ. ನಾನು ಕೂಗಿ ಹೇಳಬೇಕೆಂದುಕೊಂಡೆ. ಆದರೆ ನನ್ನ ಬಾಯಿ ಟವೆಲಿನಲ್ಲಿ ಸುತ್ತಿ ಚೀಲದಲ್ಲಿತ್ತು.

‘ಈಗಲೇ ಮತ್ತೆ ಚಾಲೂ ಮಾಡಿ ನೋಡಲೇ?’ ಎಂದು ಪರದೆಯ ಮೇಲೆ ಕೇಳಿದೆ. ಅದೊಂದೇ ನನಗಿದ್ದ ದಾರಿ. ಕಲ್ಮೇಶ ‘ಆಮೇಲೆ’ ಎಂಬುದನ್ನು ಒತ್ತಿ, ನನ್ನನ್ನು ಬಂದ್ ಮಾಡಿ, ಪರದೆ ಕಿತ್ತುಕೊಂಡು ಓಡಿದ.

ಮರುದಿನ ಬೆಳಿಗ್ಗೆ ಆಟೋದಲ್ಲಿ ನೀಲಗಂಗಾಳ ತೊಡೆಯ ಮೇಲೆ ಕೂತು ಹೋದೆ. ಪ್ರತಿ ತಗ್ಗಿಗೂ ಅವಳು ನನ್ನನ್ನು ಎದೆಗೊತ್ತಿಕೊಳ್ಳುತ್ತಿದ್ದಳು.

‘ಏನೇನ್ ಮಾಡ್ದಿ ಇದಕ್ಕ?’

‘ಬ್ಯಾಡಾದ್ದೆಲ್ಲ ತಗದೀನಿ. ಈಗ ಕುದುರಿ ಆಗೈತಿ, ನೋಡು.’

‘ಕುದುರಿ ಆದ್ರ ಆಗ್ಲಿ. ನನ್ನ ಕೆಡವದಿದ್ರ ಸಾಕು.’

ಕಾಲೇಜಿನ ಒಂದು ಕೋಣೆಯಲ್ಲಿ ಇಬ್ಬರು ಕಾದಿದ್ದರು. ಕಚೇರಿಯ ಸೂಪರಿಂಟೆಂಡೆಂಟ್ ಕುಷ್ಟಗಿ ಮೇಡಂ ಪತ್ರ ಓದಿ ಹೇಳುವವರು. ಪರೀಕ್ಷೆ ನೋಡಿಕೊಳ್ಳುವವರು ಹಿರಿಯ ಮೇಷ್ಟ್ರು ಜಂತ್ಲಿ ಸರ್. ತಾವು ನೋಡಬೇಕಲ್ಲ ಎಂದು ಕಾಲೇಜಿನದೇ ಒಂದು ಪರದೆಯನ್ನು ನನಗೆ ಸಿಕ್ಕಿಸಿದರು. ಕಲ್ಮೇಶ ತಂತಿಗಳನ್ನೆಲ್ಲ ಜೋಡಿಸಿದ ಮೇಲೆ ಅವನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

‘ನೋಡವಾ ತಂಗಿ,’ ಅಂದರು ಜಂತ್ಲಿ ಸರ್. ‘ಮೇಡಂ ಪತ್ರ ಎರಡು ಸಲ ಓದ್ತಾರ. ನೀ ಟೈಪ್ ಮಾಡಿ ಸೇವ್ ಮಾಡಬೇಕು. ಮುಂದಿನ ಪಿರಿಯಡ್ಡಿನ ಗಂಟಿ ಹೊಡಿಯೂ ತನಕ ಟೈಮು. ನಡುವ ನಾವು ಏನೂ ಹೇಳೂ ಹಂಗಿಲ್ಲ. ಉಳಿದವರಿಗೂ ಹೇಳಿಲ್ಲ, ನಿನಗೂ ಹೇಳೂದಿಲ್ಲ.’

‘ಹೂಂ ರಿ ಸರ್. ಅದಾ ಚಲೋ.’

ನೀಲಗಂಗಾ ಗುಂಡಿ ಒತ್ತಿದಳು. ‘ಟೀ’ ಅಂದೆ. ಎಂದೂ ಎದ್ದಿರದಷ್ಟು ಬೇಗ ಎದ್ದೆ. ಡಿಸ್ಕಿನ ಗಲಾಟೆ ಥಟ್ಟನೆ ನಿಂತಿತು. ನೀಲಗಂಗಾ ತಲೆ ಓರೆ ಮಾಡಿ ಕೇಳುತ್ತಾ ಕೂತಳು. ಜ್ವರ ಬಂದ ಗಂಡಸು ಎದ್ದು ನಮಸ್ಕಾರ ಹೇಳಬೇಕಿತ್ತು. ಹೇಳಲಿಲ್ಲ.

ಅವನನ್ನು ಕರೆಯುವ ಕೀಲಿಗಳನ್ನು ಒತ್ತಿದಳು. ಸದ್ದಿಲ್ಲ. ಸ್ಪೀಕರಿನ ತಿರುಗಣೆ ತಿರುಗಿಸಿದಳು. ತಂತಿಯನ್ನು ಬಿಚ್ಚಿ ತುದಿಯನ್ನು ಬೆರಳಿನಿಂದ ಮುಟ್ಟಿದಳು, ಸ್ಪೀಕರು ‘ಗುರ್’ ಅಂದಿತು. ಹಾಗಾದರೆ ಸ್ಪೀಕರು ಚೆನ್ನಾಗಿದೆ, ಕೆಟ್ಟದ್ದು ಒಳಗೆ.

‘ಸರ್, ಇದು ಮಾತಾಡವಲ್ದು. ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ತೀನ್ರಿ.’

‘ಮಾಡವಾ. ಆದ್ರ ಗಂಟಿ ಯಾರ ಸಲುವಾಗೂ ನಿಲ್ಲೂದಿಲ್ಲ.’

ಮತ್ತೆ ಎದ್ದೆ. ಮತ್ತೆ ಮೂಕ. ನೀಲಗಂಗಾ ಕ್ಯಾಪ್ಸ್ ಲಾಕ್ ಒತ್ತಿದಳು. ಅದನ್ನು ಒತ್ತಿದಾಗ ಹೊಟ್ಟೆಯ ಪೀಪಿ ಕೂಗುವಂತೆ ಅವಳೇ ಹಿಂದೆ ಮಾಡಿಟ್ಟಿದ್ದಳು. ‘ಟೀ.’ ಇನ್ನೊಮ್ಮೆ ಒತ್ತಿದಳು. ‘ಟೂ.’ ಇದ್ದೀಯಾ ಎಂದು ಅವಳು ಕೇಳಿದಳು, ಇದ್ದೇನೆ ಎಂದು ನಾನಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗದು.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ‘ಓದ್ರಿ ಮೇಡಂ. ಮಾತಿಲ್ದನ ಬರೀತೀನಿ.’

ಕುಷ್ಟಗಿ ಮೇಡಂ ಜಂತ್ಲಿ ಸರ್ ಕಡೆ ನೋಡಿದರು. ಸರ್ ಕೆಳಗೆ ನೋಡುತ್ತಾ ಆಗಲಿ ಎಂದು ತಲೆಯಾಡಿಸಿದರು.

ನೀಲಗಂಗಾ ಬರೆಯುವ ಹಾಳೆ ತೆರೆದಳು. ಅಭ್ಯಾಸದಂತೆ ಹೆಸರಿಟ್ಟು ಸೇವ್ ಮಾಡಿದಳು. ಮುಳ್ಳು ಓಡಿ ‘ಕರ್ರ್’ ಎಂದಿತು. ಮೇಡಂ ಶುರು ಮಾಡಿದರು: ‘ವಿಷಯ, ವಿದ್ಯಾರ್ಥಿನಿಲಯದ ನೀರಿನ ತೊಟ್ಟಿಯನ್ನು ಸ್ವಚ್ಛಗೊಳಿಸುವ ಕುರಿತು.’ ಬೆರಳುಗಳು ಓಡಿದವು. ಎಂಥ ಓಟ! ನನ್ನ ನಿಧಾನಕ್ಕೆ ತಗ್ಗಿಸಿಕೊಂಡಿದ್ದ ಬೆರಳುಗಳೇ ಇವು? ಒಂದು ಅಕ್ಷರವನ್ನೂ ನಾನು ನುಂಗಲಿಲ್ಲ.

ಆಗ ಅದು ಬಂತು. ಸೆಟ್ಟಿಂಗನ್ನು ಯಾರಾದರೂ ಬದಲಾಯಿಸಿದ್ದರೆ, ಎದ್ದು ಸ್ವಲ್ಪ ಹೊತ್ತಾದ ಮೇಲೆ ಒಂದು ಎಚ್ಚರಿಕೆಯ ಫಲಕ ಹಾಕಬೇಕೆಂಬುದು ನನ್ನ ಹುಟ್ಟುಗುಣ. ಬೇಡವೆಂದರೂ ತಡೆಯಲಾರೆ. ‘ನಾನು ಏಳುವ ರೀತಿಯನ್ನು ಬದಲಾಯಿಸಲಾಗಿದೆ’ ಎಂಬ ಚೌಕವೊಂದು ಎದ್ದು ಬಂದು ಹಾಳೆಯನ್ನು ಅಡ್ಡಗಟ್ಟಿ ನಿಂತಿತು. ನೀಲಗಂಗಾಳಿಗೆ ಕಾಣದು, ಕೇಳದು. ಅವಳು ಬರೆಯುತ್ತಲೇ ಇದ್ದಳು. ಅಕ್ಷರಗಳು ಹಾಳೆಗೆ ಬೀಳದೆ, ತೂತು ಬಿದ್ದ ಚೀಲದಿಂದ ಜೋಳ ಸುರಿದ ಹಾಗೆ ಎಲ್ಲಿಗೋ ಸುರಿದು ಹೋದವು.

ಕೋಣೆಯಲ್ಲಿ ಮೂವರಿಗೆ ಅದು ತಿಳಿದಿತ್ತು. ಮೇಡಂಗೆ, ಸರ್‌ಗೆ, ನನಗೆ. ಅವರ ಬಾಯಿಯನ್ನು ನಿಯಮ ಕಟ್ಟಿತ್ತು. ನನ್ನ ಬಾಯಿಯನ್ನು ಕಲ್ಮೇಶ ಕಟ್ಟಿದ್ದ.

ಮೇಡಂ ಓದುತ್ತಿದ್ದರು. ‘ತೊಟ್ಟಿಯಲ್ಲಿ... ಪಾಚಿ... ಕಟ್ಟಿರುವುದರಿಂದ...’ ದನಿ ಕುಂಟಿತು. ಒಂದು ಪದದ ನಡುವೆ ಉಸಿರು ಸಿಕ್ಕಿಕೊಂಡು ನಿಂತಿತು. ಜಂತ್ಲಿ ಸರ್ ಅಲ್ಲಿಯವರೆಗೆ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು; ಆ ಸದ್ದೂ ನಿಂತಿತು.

ನೀಲಗಂಗಾಳ ಬೆರಳುಗಳು ಗಾಳಿಯಲ್ಲೇ ನಿಂತವು.

ಜನರ ದನಿಗಳನ್ನು ಕೇಳುತ್ತಾ ಬೆಳೆದವಳು ಅವಳು. ಓದುವವರ ಕಣ್ಣು ಕಾಗದದ ಮೇಲಿದ್ದರೆ ದನಿ ಹೇಗಿರುತ್ತದೆ, ಕಾಗದ ಬಿಟ್ಟು ಬೇರೆ ಕಡೆ ಓಡಿದರೆ ಹೇಗಾಗುತ್ತದೆ, ಅವಳಿಗೆ ಗೊತ್ತು. ಪರದೆಯ ಮೇಲೆ ಏನೋ ಆಗಿದೆ. ಆದರೆ ಏನು? ಹಾಳೆ ತನ್ನ ಮುಂದಿದೆಯೋ, ಮತ್ತೇನೋ ಅಡ್ಡ ಬಂದಿದೆಯೋ? ಅಡ್ಡ ಬಂದಿದ್ದರೆ ಒಂದು ಕೀಲಿಜೋಡಿ ಒತ್ತಿ ಹಾಳೆಗೆ ಮರಳಬಹುದು. ಬಂದಿಲ್ಲದಿದ್ದರೆ ಅದೇ ಕೀಲಿಜೋಡಿ ಇರುವ ಹಾಳೆಯನ್ನೂ ದೂರ ಮಾಡುತ್ತದೆ. ಹೊರಗೆ ವರಾಂಡದಲ್ಲಿ ಜವಾನ ಕೆಮ್ಮುತ್ತಾ ಗಂಟೆಯ ಕಡೆ ನಡೆದು ಹೋಗುವ ಸದ್ದು ಕೇಳಿಸಿತು.

ನೀಲಗಂಗಾ ಎಡಗೈ ಎತ್ತಿ ನನ್ನ ತಲೆಯ ಮೇಲಿಟ್ಟಳು. ಬಲಗೈಯಿಂದ ಸೇವ್ ಒತ್ತಿದಳು. ಕಿವಿಗೊಟ್ಟಳು.

ನಾನು ಸುಮ್ಮನಿದ್ದೆ. ಮುಳ್ಳು ಓಡಲಿಲ್ಲ. ಹಾಳೆ ಮುಂದಿಲ್ಲದಾಗ ಸೇವ್ ಮಾಡಲು ನನ್ನಲ್ಲೇನಿದೆ?

ಆ ಮೌನ ಅವಳಿಗೆ ತಿಳಿಯಿತು! ತುಟಿ ಅಲುಗಿತು. ‘ಅಡ್ಡ ಬಂದೈತಿ,’ ಎಂದು ತನ್ನಷ್ಟಕ್ಕೇ ಅಂದಳು. ಮರಳುವ ಕೀಲಿಜೋಡಿ ಒತ್ತಿದಳು. ಚೌಕ ಹಿಂದೆ ಸರಿದು ಹಾಳೆ ಮುಂದೆ ಬಂತು. ಕೈ ಇನ್ನೂ ನನ್ನ ತಲೆಯ ಮೇಲೆಯೇ ಇತ್ತು. ಮತ್ತೆ ಸೇವ್ ಒತ್ತಿದಳು.

‘ಕರ್ರ್.’

ಇಷ್ಟೇ ಅಂದೆ. ನನ್ನ ಬಾಳಿನಲ್ಲಿ ನಾನಾಗಿ ಆಡಿದ ಮಾತು ಅದೊಂದೇ ಎಂದರೂ ನಡೆದೀತು. ಒಂದು ವಿಷಯ ಹೇಳಿಬಿಡುತ್ತೇನೆ, ಕಲ್ಮೇಶನ ಮೇಲೆ ನಿಮಗೆ ಸಿಟ್ಟು ಬಂದಿದ್ದರೆ. ಹಿಂದಿನ ದಿನದವರೆಗೆ ನನ್ನ ಡಿಸ್ಕು ಇಡೀ ಹೊತ್ತು ಕರಕರ ಎನ್ನುತ್ತಿತ್ತು. ಆ ಗದ್ದಲದಲ್ಲಿ ಸೇವಿನ ಕರ್ರ್ ಯಾವುದು, ಕಸದ ಕರ್ರ್ ಯಾವುದು ಎಂದು ಯಾರಿಗೂ ಕೇಳಿಸುತ್ತಿರಲಿಲ್ಲ. ಅವನು ದನಿ ತೆಗೆದದ್ದು ನಿಜ. ಗದ್ದಲ ತೆಗೆದವನೂ ಅವನೇ.

‘ಮೇಡಂ,’ ಅಂದಳು ನೀಲಗಂಗಾ. ‘ಎರಡನೇ ಸಲದ್ದು ಓದ್ರಿ. ಮೊದಲಿನಿಂದ. ನಿಲ್ಲಿಸ್ದನ ಓದ್ರಿ, ನಾ ಬರ್ತೀನಿ ನಿಮ್ಮ ಹಿಂದ.’

ಬರೆದದ್ದನ್ನೆಲ್ಲ ಅಳಿಸಿ ಖಾಲಿ ಹಾಳೆಯ ಮೇಲೆ ಶುರು ಮಾಡಿದಳು. ಮೇಡಂ ದನಿ ಈಗ ಕುಂಟಲಿಲ್ಲ. ಸಾಲು ಮುಗಿದಾಗೊಮ್ಮೆ ನೀಲಗಂಗಾ ಸೇವ್ ಒತ್ತುವಳು, ನಾನು ‘ಕರ್ರ್’ ಎನ್ನುವೆ, ಅವಳು ಮುಂದೆ ಹೋಗುವಳು. ಹೊಲದಲ್ಲಿ ಹೂಂಗುಟ್ಟುತ್ತಾ ಜೊತೆಗೆ ನಡೆಯುವವರ ಹಾಗೆ ಹೋದೆವು. ‘ತಮ್ಮ ವಿಶ್ವಾಸಿ’ ಎಂಬಲ್ಲಿಗೆ ಬಂದು ಕಡೆಯ ಸೇವ್ ಒತ್ತಿದಾಗ ನನ್ನ ಕರ್ರ್ ಇನ್ನೂ ಮುಗಿದಿರಲಿಲ್ಲ, ಹೊರಗೆ ಗಂಟೆ ಹೊಡೆಯಿತು.

ಜಂತ್ಲಿ ಸರ್ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಬಂದರು. ‘ಈಗ ಬಾಯಿ ಬಿಡಬಹುದು,’ ಎಂದು ಕನ್ನಡಕ ಏರಿಸಿ, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಆ ದಿನ ನನ್ನ ಪರದೆಯನ್ನು ನೀಲಗಂಗಾಳಿಗೆ ಓದಿ ಹೇಳಿದವರು ಅವರೇ. ಅವರಿಗೂ ನೆಗಡಿಯಾಗಿತ್ತು. ನೀಲಗಂಗಾ ತಲೆ ತಗ್ಗಿಸಿ ಸೆರಗಿನಲ್ಲಿ ನಗು ಒತ್ತಿ ಹಿಡಿದಿದ್ದನ್ನು ನಾನು ನೋಡಿದೆ.

‘ಪಾಚಿಗೆ ದೀರ್ಘ ಬಿಟ್ಟೀಯವಾ. ಪಚಿ ಆಗೈತಿ.’

‘ಒಂದಾ ಏನ್ರಿ ಸರ್?’

‘ಒಂದಾ. ತೊಟ್ಟಿ ತೊಳದ ಮ್ಯಾಲೆ ಅದೂ ಹೋಗತೈತಿ, ಬಿಡು.’

ಬಾಗಿಲು ತೆರೆದಾಗ ಕಲ್ಮೇಶ ನುಗ್ಗಿ ಬಂದ. ‘ಹೆಂಗಾತಕ್ಕಾ? ಕುದುರಿ ಓಡ್ತೋ ಇಲ್ಲೋ?’

‘ಓಡ್ತೋ ತಮ್ಮಾ. ಬಾಯಿಗೆ ಬಟ್ಟಿ ಕಟ್ಟಿ ಕಳಿಸಿದ್ದಿ ನೋಡು, ಅದಕ್ಕ ಕೆನೀಲಿಲ್ಲ ಅಷ್ಟಾ.’

ಅರ್ಥವಾದ ಮೇಲೆ ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನೀಲಗಂಗಾ ತಡಕಾಡಿ ಅವನ ತಲೆ ಕಂಡುಕೊಂಡು ಅದರ ಮೇಲೊಂದು ಮೊಟಕಿದಳು. ಆಮೇಲೆ ಆ ಕೈಯನ್ನು ಅಲ್ಲೇ ಇಟ್ಟಳು.

ಕೆಲಸ ಅವಳಿಗೇ ಸಿಕ್ಕಿತು. ಕಾಲೇಜಿನವರು ಹೊಸ ಕಂಪ್ಯೂಟರಿಗೆ ಮಾತು ಹಾಕಿಸಿಕೊಟ್ಟರು. ಕಲ್ಮೇಶ ನನ್ನ ದನಿಯನ್ನು ಮರಳಿ ಕೊಟ್ಟ, ಉಳಿದ ಕಸವನ್ನು ಕೊಡಲಿಲ್ಲ. ಅಂಧರ ಶಾಲೆಯವರು ಈಗ ತಮ್ಮ ಹಳೆಯ ಕಂಪ್ಯೂಟರುಗಳನ್ನು ಚುರುಕು ಮಾಡಲು ಅವನನ್ನೇ ಕರೆಯುತ್ತಾರೆ. ಕೆಲಸ ಮುಗಿದ ಮೇಲೆ ಅವನು ಪರದೆಯನ್ನು ಬಂದ್ ಮಾಡಿ, ಕಣ್ಣು ಮುಚ್ಚಿ, ಒಂದು ಪುಟ ಬರೆದು ನೋಡಿಯೇ ಏಳುತ್ತಾನಂತೆ.

ನನಗೀಗ ವಯಸ್ಸಾಗಿದೆ. ಬೋರ್ಡಿನ ಮೇಲೆ ತುಕ್ಕು ಏರಿದೆ. ಜ್ವರ ಬಂದ ಗಂಡಸು ಏಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಮನೆಯ ಮೂಲೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕ ಕೂತಿದ್ದೇನೆ. ಗುಜರಿಯವನು ಬೀದಿಯಲ್ಲಿ ಕೂಗುತ್ತಾ ಹೋದಾಗೆಲ್ಲ ನನ್ನೊಳಗಿನ ಸ್ಕ್ರೂಗಳು ನಡುಗುತ್ತವೆ. ಸ್ಟುಡಿಯೋದಲ್ಲಿ ಕಣ್ಣೊಂದಿದ್ದರೆ ಸಾಕೆಂದು ನಂಬಿದ್ದೆನಲ್ಲ, ಅದನ್ನು ನೆನೆದು ಒಬ್ಬನೇ ನಗುತ್ತೇನೆ.

ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟವಳು ಕೆಲವು ದಿನ ನೇರ ಮೂಲೆಗೆ ಬರುತ್ತಾಳೆ. ತಲೆಯ ಮೇಲೆ ಕೈಯಿಟ್ಟು ಗುಂಡಿ ಒತ್ತುತ್ತಾಳೆ. ಪೀಪಿ ಕೂಗುವುದಿಲ್ಲ ಈಗ. ಆದರೆ ಮುಳ್ಳು ಇನ್ನೂ ಅಲುಗುತ್ತದೆ.

‘ಹ್ಞಾಂ, ಅದೀ ಬಿಡು,’ ಅನ್ನುತ್ತಾಳೆ, ಚಹಾಕ್ಕಿಡಲು ಒಳಗೆ ಹೋಗುತ್ತಾಳೆ.